ಒದ್ದೆ ಧಾನ್ಯ ಮೇಲಿರಲಿ

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುತ್ತಿದ್ದರು. ರಾಶಿಯೊಳಗೆ ಕೈ ಹಾಕಿ ನೋಡಿದಾಗ ಬೆರಳುಗಳಿಗೆ ತೇವ ತಾಗಿತು. ಇದೇನೆಂದು ವಿಚಾರಿಸಿದರು. ಮಳೆ ಬಿದ್ದು ನೆನೆಯಿತೆಂದು ವ್ಯಾಪಾರಿ ಉತ್ತರಿಸಿದ. ಹಾಗಿದ್ದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಪ್ರವಾದಿ(ಸ)ರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಅಬೂಹುರೈರಾ(ರ) ವರದಿ ಮಾಡಿರುವ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ.

ಜುಮಾ ಪ್ರವಚನಗಳಲ್ಲಿ ನಾವು ಇದನ್ನು ಹಲವು ಬಾರಿ ಕೇಳಿದ್ದೇವೆ. ತೂಕ, ಅಳತೆ, ಕಲಬೆರಕೆಯ ಮಾತು ಬಂದಾಗಲೆಲ್ಲ ಇದು ನೆನಪಾಗುತ್ತದೆ. ಆದರೆ ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮಳೆ ಬಿದ್ದುದಕ್ಕೆ ವ್ಯಾಪಾರಿಯ ಮೇಲೆ ಆಕ್ಷೇಪವಿರಲಿಲ್ಲ. ಧಾನ್ಯ ನೆನೆಯುವುದು ಲೋಕದಲ್ಲಿ ನಡೆಯುವಂಥದ್ದೇ. ಆಕ್ಷೇಪವಿದ್ದುದು ನೆನೆದ ಧಾನ್ಯ ರಾಶಿಯ ತಳ ಸೇರಿದ್ದಕ್ಕೆ.

ಕಂಪ್ಯೂಟರಿನ ಇತಿಹಾಸದಲ್ಲಿ ಇಂಥದ್ದೇ ಪಾಠವನ್ನು ತನ್ನದೇ ಅನುಭವದಿಂದ ಕಲಿತು, ಅದನ್ನು ಕಟ್ಟಳೆಯಾಗಿ ಬರೆದುಕೊಂಡ ಒಂದು ಸಮುದಾಯವಿದೆ. ಅದರ ಹೆಸರು ಡೆಬಿಯನ್. ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಿಂದ ಪರದೆ, ಕೀಲಿಮಣೆ, ಕಡತ ಎಲ್ಲವನ್ನೂ ಹಿಡಿದು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಡೆಬಿಯನ್ ಅಂಥದ್ದೊಂದು ವ್ಯವಸ್ಥೆ. ಯಾರೂ ಅದಕ್ಕೆ ಹಣ ಕೊಡಬೇಕಾಗಿಲ್ಲ. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕಂಪನಿಗಳಲ್ಲಾದರೆ ಸರಕನ್ನು ಮಾರುಕಟ್ಟೆಗೆ ಬಿಡುವ ಮುನ್ನ ಪರೀಕ್ಷಿಸಲು ಸಂಬಳದ ಸಿಬ್ಬಂದಿ ಇರುತ್ತಾರೆ. ಸಂಬಳವೇ ಇಲ್ಲದ ಕಡೆ ರಾಶಿಯೊಳಗೆ ಕೈ ಹಾಕಿ ನೋಡುವವರು ಯಾರು? ಅವರನ್ನು ಒಟ್ಟುಗೂಡಿಸುವುದು ಹೇಗೆ? ಮೂರು ದಶಕಗಳ ಈ ಪ್ರಯೋಗದಲ್ಲಿ ಸ್ವಯಂಸೇವೆಯ ಮೇಲೆ ನಿಂತ ಎಲ್ಲ ಸಂಸ್ಥೆಗಳಿಗೂ ಪಾಠವಿದೆಯೆಂದು ನಾವು ಭಾವಿಸುತ್ತೇವೆ.

ಒಬ್ಬ ವಿದ್ಯಾರ್ಥಿಯ ಅಸಮಾಧಾನ

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶಗಳಿಗಾಗಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಹೊರಗಿಟ್ಟರು. ಆದರೆ ತಿರುಳು ಮತ್ತು ಉಪಕರಣಗಳು ಬಿಡಿಬಿಡಿಯಾಗಿ ಸಿಕ್ಕರೆ ಸಾಮಾನ್ಯ ಬಳಕೆದಾರನಿಗೆ ಪ್ರಯೋಜನವಿಲ್ಲ. ಅವನ್ನೆಲ್ಲ ಜೋಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಒಂದೇ ಕಟ್ಟಾಗಿ ಕೊಡಬೇಕು. ಇಂಥ ಕಟ್ಟಿಗೆ 'ವಿತರಣೆ' ಎಂಬ ಹೆಸರು ಬಂತು. ಆರಂಭದ ದಿನಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ವಿತರಣೆಗಳಲ್ಲಿ ಎಸ್.ಎಲ್.ಎಸ್. ಒಂದು.

ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 20 ವರ್ಷದ ಇಯಾನ್ ಮರ್ಡಾಕ್‌ಗೆ ಎಸ್.ಎಲ್.ಎಸ್. ಸಮಾಧಾನ ಕೊಡಲಿಲ್ಲ. ಅದರಲ್ಲಿ ದೋಷಗಳು ತುಂಬಿದ್ದವು. ಅವನ್ನು ತಿದ್ದುವ ಗೋಜಿಗೂ ಯಾರೂ ಹೋಗುತ್ತಿರಲಿಲ್ಲ. 1993ರ ಆಗಸ್ಟ್ 16ರಂದು ಮರ್ಡಾಕ್ ಹೊಸ ವಿತರಣೆಯೊಂದನ್ನು ಪ್ರಕಟಿಸಿದರು. ಆಗಿನ ಗೆಳತಿ ಡೆಬ್ರಾ ಮತ್ತು ತಮ್ಮ ಹೆಸರು ಇಯಾನ್ ಸೇರಿಸಿ ಅದಕ್ಕೆ ಡೆಬಿಯನ್ ಎಂದು ಹೆಸರಿಟ್ಟರು. ಮುಂದಿನ ಜನವರಿಯಲ್ಲಿ ಬರೆದ ಪ್ರಣಾಳಿಕೆಯಲ್ಲಿ ಅವರು ತಮ್ಮ ಅಸಮಾಧಾನವನ್ನು ಮುಚ್ಚುಮರೆಯಿಲ್ಲದೆ ತೋಡಿಕೊಂಡರು. ಲಿನಕ್ಸಿನ ತಿರುಳು ಬೆಳೆದ ರೀತಿಯಲ್ಲೇ ವಿತರಣೆಯೂ ಹಲವರ ಕೈಯಲ್ಲಿ, ತೆರೆದ ಅಂಗಳದಲ್ಲಿ ಬೆಳೆಯಬೇಕೆಂಬುದು ಅವರ ವಾದವಾಗಿತ್ತು.

ಅದಕ್ಕೆ ಅವರು ಹಿಡಿದ ದಾರಿ ಸರಳವಾದುದು. ಇಡೀ ವ್ಯವಸ್ಥೆಯನ್ನು ಪ್ಯಾಕೇಜುಗಳೆಂಬ ಸಣ್ಣ ಸಣ್ಣ ಪಾಲುಗಳಾಗಿ ಒಡೆಯುವುದು. ಒಂದೊಂದು ಪಾಲಿನ ಉಸ್ತುವಾರಿಯನ್ನು ಒಬ್ಬೊಬ್ಬರಿಗೆ ವಹಿಸುವುದು. ಊರಿನ ಸಮಾರಂಭದಲ್ಲಿ ಒಬ್ಬ ಚಪ್ಪರಕ್ಕೆ, ಇನ್ನೊಬ್ಬ ನೀರಿಗೆ, ಮತ್ತೊಬ್ಬ ಅಡುಗೆಗೆ ನಿಲ್ಲುವ ಹಾಗೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 13ನೇ ಆವೃತ್ತಿಯಲ್ಲಿ ಇಂಥ ಪ್ಯಾಕೇಜುಗಳ ಸಂಖ್ಯೆ ಸುಮಾರು 70 ಸಾವಿರ. ಇವುಗಳ ಹಿಂದೆ ಅಧಿಕೃತ ಸದಸ್ಯರೆನಿಸಿಕೊಂಡವರು ಸುಮಾರು ಒಂದು ಸಾವಿರ ಮಂದಿ. ಇವರಲ್ಲದೆ ಸಹಾಯಕರು, ಅನುವಾದಕರು, ದೋಷಗಳನ್ನು ಕಂಡು ತಿಳಿಸುವ ಅಸಂಖ್ಯ ಬಳಕೆದಾರರು ಬೇರೆ.

ಎಲ್ಲರಿಗೂ ಕಾಣುವ ಪಟ್ಟಿ

1994ರಲ್ಲಿ ಬ್ರಿಟನ್ನಿನ ಇಯಾನ್ ಜಾಕ್ಸನ್ ಡೆಬಿಯನ್‌ಗಾಗಿ ಒಂದು ದೋಷ ದಾಖಲೆ ವ್ಯವಸ್ಥೆಯನ್ನು ರೂಪಿಸಿದರು. ದೋಷ ಕಂಡ ಯಾರೇ ಆದರೂ ಒಂದು ಇ-ಮೇಲ್ ಬರೆದರೆ ಸಾಕು. ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಆ ಪ್ಯಾಕೇಜಿನ ಉಸ್ತುವಾರಿ ಹೊತ್ತವರಿಗೆ ಪತ್ರ ತಲುಪುತ್ತದೆ. ಬಳಿಕ ನಡೆಯುವ ಪ್ರಶ್ನೋತ್ತರ, ವಾದ, ಪರಿಹಾರ ಎಲ್ಲವೂ ಅದೇ ಸಂಖ್ಯೆಯಡಿ ಸಾರ್ವಜನಿಕವಾಗಿ ಉಳಿಯುತ್ತದೆ. ದೋಷ ಮುಗಿಯಿತೆಂದು ಹೇಳುವವರು ಯಾವ ಆವೃತ್ತಿಯಲ್ಲಿ ಮುಗಿಯಿತೆಂದೂ ತಿಳಿಸಬೇಕು. ಈ ಸಂಖ್ಯೆ 2021ರ ಕೊನೆಯಲ್ಲಿ 10 ಲಕ್ಷ ದಾಟಿತು.

ದೂರು ಬರೆಯುವುದಕ್ಕೂ ಒಂದು ಶಿಸ್ತಿದೆ. 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಆವೃತ್ತಿ, ಯಾವ ಯಂತ್ರ, ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು - ಇಷ್ಟು ತಿಳಿಸಬೇಕು. ಓದಿದವರು ತಮ್ಮ ಯಂತ್ರದಲ್ಲಿ ಅದೇ ದೋಷವನ್ನು ಮತ್ತೆ ಕಾಣುವಂತಿರಬೇಕು. ದೋಷಗಳಿಗೆ ದರ್ಜೆಗಳೂ ಇವೆ. ಸಣ್ಣ ಕಾಗುಣಿತದ ತಪ್ಪಿನಿಂದ ಹಿಡಿದು, ಬಳಕೆದಾರನ ದಾಖಲೆಗಳನ್ನೇ ಅಳಿಸಿಹಾಕುವ ಅನಾಹುತದವರೆಗೆ. ಮೇಲಿನ ಮೂರು ದರ್ಜೆಗಳ ದೋಷವಿದ್ದರೆ ಆ ಪ್ಯಾಕೇಜ್ ಬಿಡುಗಡೆಗೆ ಯೋಗ್ಯವಲ್ಲ. ಒಂದೋ ತಿದ್ದಬೇಕು, ಇಲ್ಲವೇ ಕೈಬಿಡಬೇಕು.

ಪರೀಕ್ಷೆಯಾಗದ ಸರಕು ಹೊರಬಿದ್ದರೆ ಏನಾಗುತ್ತದೆಂಬುದನ್ನು ಡೆಬಿಯನ್ ಬಹುಬೇಗ ಅನುಭವಿಸಿತು. 1995ರ ಕೊನೆಯಲ್ಲಿ ಸಿ.ಡಿ. ತಯಾರಿಸುವ ಕಂಪನಿಯೊಂದು ಇನ್ನೂ ಕೆಲಸ ನಡೆಯುತ್ತಿದ್ದ ಅರೆಬೆಂದ ಪ್ರತಿಯನ್ನೇ 1.0 ಆವೃತ್ತಿಯೆಂದು ಅಚ್ಚು ಹಾಕಿಬಿಟ್ಟಿತು. ಅದು ಸರಿಯಾಗಿ ಓಡುವ ಸ್ಥಿತಿಯಲ್ಲಿರಲಿಲ್ಲ. ಕಂಪನಿಯೂ ಡೆಬಿಯನ್ ಕೂಡ ಜಂಟಿ ಪ್ರಕಟಣೆ ಹೊರಡಿಸಿ ವಿಷಯ ತಿಳಿಸಿದವು. ಗೊಂದಲವಾಗದಿರಲೆಂದು 1.0 ಎಂಬ ಸಂಖ್ಯೆಯನ್ನೇ ಕೈಬಿಡಲಾಯಿತು. 1996ರ ಜೂನ್‌ನಲ್ಲಿ ಹೊರಬಂದುದು 1.1. ತಯಾರಿಯ ಹಂತದಲ್ಲಿರುವ ಆವೃತ್ತಿಗೆ ಸಂಖ್ಯೆಯ ಬದಲು ಅಡ್ಡಹೆಸರಿಡುವ ಪದ್ಧತಿ ಬಂದದ್ದೂ ಆಗಲೇ. 'ಟಾಯ್ ಸ್ಟೋರಿ' ಚಲನಚಿತ್ರದ ಪಾತ್ರಗಳ ಹೆಸರುಗಳನ್ನು ಆರಿಸಿಕೊಂಡರು. ಆಗ ನಾಯಕರಾಗಿದ್ದ ಬ್ರೂಸ್ ಪೆರೆನ್ಸ್ ಆ ಚಿತ್ರ ನಿರ್ಮಿಸಿದ ಪಿಕ್ಸಾರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು.

1997ರ ಜುಲೈಯಲ್ಲಿ ಡೆಬಿಯನ್ ತನ್ನ 'ಸಾಮಾಜಿಕ ಒಪ್ಪಂದ'ವನ್ನು ಅಂಗೀಕರಿಸಿತು. ಬಳಕೆದಾರರಿಗೆ ಕೊಟ್ಟ ವಾಗ್ದಾನಗಳ ಪಟ್ಟಿ ಅದು. ಅದರ ಮೂರನೆಯ ಅಂಶವೇ ಸಮಸ್ಯೆಗಳನ್ನು ಮರೆಮಾಡುವುದಿಲ್ಲ, ದೋಷಗಳ ಇಡೀ ದಾಖಲೆ ಸದಾ ಎಲ್ಲರಿಗೂ ತೆರೆದಿರುತ್ತದೆ ಎಂಬ ಮಾತು. ಭದ್ರತೆಗೆ ಸಂಬಂಧಿಸಿದ ಕೆಲವನ್ನು ಮಾತ್ರ ಪರಿಹಾರ ಸಿದ್ಧವಾಗುವವರೆಗೆ ಅಲ್ಪಕಾಲ ಗೋಪ್ಯವಾಗಿಡುವುದುಂಟು. ಉಳಿದಂತೆ ನೆನೆದ ಕಾಳು ರಾಶಿಯ ಮೇಲೆಯೇ ಇರುತ್ತದೆ. ವ್ಯಾಪಾರದ ಲೋಕದಲ್ಲಿ ತನ್ನ ಸರಕಿನ ಕುಂದುಗಳನ್ನು ಅಂಗಡಿಯ ಬಾಗಿಲಿಗೆ ತೂಗುಹಾಕುವವರು ಎಷ್ಟು ಮಂದಿ?

ಕಣದಿಂದ ಕಣಜಕ್ಕೆ

ಪಟ್ಟಿಯಿದ್ದರೆ ಸಾಲದು, ದೋಷ ಕಂಡುಹಿಡಿಯಲು ಸಮಯವೂ ಜನರೂ ಬೇಕು. ಆರಂಭದಲ್ಲಿ ಡೆಬಿಯನ್‌ನಲ್ಲಿ ಎರಡೇ ಅಂಗಳಗಳಿದ್ದವು. ಹೊಸ ಸರಕು ಬಂದು ಬೀಳುವ 'ಅಸ್ಥಿರ' ಒಂದು. ಜನರಿಗೆ ಕೊಡುವ 'ಸ್ಥಿರ' ಇನ್ನೊಂದು. ಅಸ್ಥಿರ ಅಂಗಳಕ್ಕೆ 'ಸಿಡ್' ಎಂಬ ಕಾಯಂ ಹೆಸರಿದೆ. ಆ ಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಹುಡುಗನ ಹೆಸರು. ಬಿಡುಗಡೆಯ ಕಾಲ ಬಂದಾಗ ಹೊಸತನ್ನು ತಡೆದು, ಇದ್ದುದನ್ನು ಮಾತ್ರ ತಿದ್ದುತ್ತಿದ್ದರು. ಫ್ರೀಜ್ ಎನ್ನುವ ಈ ಅವಧಿ ವರ್ಷದಿಂದ ವರ್ಷಕ್ಕೆ ಉದ್ದವಾಗತೊಡಗಿತು. 2000ದ ಆಗಸ್ಟ್‌ನಲ್ಲಿ ಹೊರಬಂದ 'ಪೊಟಾಟೊ' ಆವೃತ್ತಿಗೆ ಫ್ರೀಜ್ ಆರಂಭವಾದುದು ಅದೇ ವರ್ಷದ ಜನವರಿಯಲ್ಲಿ. ಏಳು ತಿಂಗಳು ಹೊಸ ಕೆಲಸವಿಲ್ಲದೆ ಕುಳಿತರೆ ಸ್ವಯಂಸೇವಕರ ಉತ್ಸಾಹ ಉಳಿಯುತ್ತದೆಯೇ?

ಆಸ್ಟ್ರೇಲಿಯದ ಆಂಟನಿ ಟೌನ್ಸ್ ಇದಕ್ಕೊಂದು ಪರಿಹಾರ ಸೂಚಿಸಿದರು. 2000ದ ಡಿಸೆಂಬರ್‌ನಲ್ಲಿ ಎರಡು ಅಂಗಳಗಳ ನಡುವೆ ಮೂರನೆಯದೊಂದು ಬಂತು. ಅದರ ಹೆಸರು 'ಟೆಸ್ಟಿಂಗ್', ಅಂದರೆ ಪರೀಕ್ಷೆ. ಸಿಡ್‌ಗೆ ಬಂದ ಪ್ಯಾಕೇಜ್ ಅಲ್ಲಿ ಕೆಲವು ದಿನ ಕಾಯಬೇಕು. ಸಾಮಾನ್ಯ ಬದಲಾವಣೆಯಾದರೆ 10 ದಿನ, ಸ್ವಲ್ಪ ತುರ್ತಾದರೆ 5, ಬಹಳ ತುರ್ತಾದರೆ 2. ಅಷ್ಟರಲ್ಲಿ ಯಾರೂ ಹೊಸದಾಗಿ ಗಂಭೀರ ದೋಷ ವರದಿ ಮಾಡಿರಬಾರದು. ಡೆಬಿಯನ್ ಬೆಂಬಲಿಸುವ ಎಲ್ಲ ಬಗೆಯ ಯಂತ್ರಗಳಿಗೂ ಅದು ಸಿದ್ಧವಾಗಿರಬೇಕು. ಅದು ಒಳಬಂದರೆ ಬೇರೆ ಪ್ಯಾಕೇಜುಗಳಿಗೆ ಧಕ್ಕೆಯಾಗಬಾರದು. ಇಷ್ಟನ್ನೂ 'ಬ್ರಿಟ್ನಿ' ಎಂಬ ತಂತ್ರಾಂಶವೇ ಲೆಕ್ಕ ಹಾಕಿ ಬಾಗಿಲು ತೆರೆಯುತ್ತದೆ.

ಈ ಏರ್ಪಾಡಿನ ಜಾಣ್ಮೆ ಎಲ್ಲಿದೆ? ಮೇಲಧಿಕಾರಿಯ ಜಾಗದಲ್ಲಿ ಇಲ್ಲಿ ನಿಯಮ ಕುಳಿತಿದೆ. ನಿನ್ನ ಪ್ಯಾಕೇಜ್ ಸರಿಯಿಲ್ಲವೆಂದು ಒಬ್ಬ ಇನ್ನೊಬ್ಬನ ಮುಖಕ್ಕೆ ಹೇಳಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವ ನಿಯಮವೇ ಅದನ್ನು ಹೇಳುತ್ತದೆ. ನಿಯಮಕ್ಕೆ ಸ್ನೇಹವೂ ಇಲ್ಲ, ಹಗೆಯೂ ಇಲ್ಲ. ಹಾಗೆಂದು ಯಂತ್ರವೇ ಎಲ್ಲವನ್ನೂ ಮಾಡಿತೆಂದು ತಿಳಿಯಬಾರದು. ಆ 10 ದಿನಗಳಲ್ಲಿ ಯಾರಾದರೂ ಪ್ಯಾಕೇಜನ್ನು ನಿಜವಾಗಿ ಬಳಸಿದರೆ ಮಾತ್ರ ಕಾಯುವಿಕೆಗೆ ಬೆಲೆ. ಯಾರೂ ಮುಟ್ಟದ ಸರಕಿನ ಮೇಲೆ ದೂರೂ ಇರುವುದಿಲ್ಲ.

ಆಜ್ಞೆಯಿಲ್ಲದ ಸಂಘಟನೆ

1998ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಡೆಬಿಯನ್ ಸಂವಿಧಾನದಲ್ಲಿ ಒಂದು ವಿಶೇಷ ವಿಧಿಯಿದೆ. ಯಾವ ಕೆಲಸವನ್ನೂ ಮಾಡಲೇಬೇಕೆಂದು ಯಾರನ್ನೂ ಬಾಧ್ಯಗೊಳಿಸುವಂತಿಲ್ಲ. ಆದರೆ ನಿಯಮದಂತೆ ಕೈಗೊಂಡ ತೀರ್ಮಾನಗಳಿಗೆ ಯಾರೂ ಬೇಕೆಂದೇ ಅಡ್ಡಿಮಾಡುವಂತಿಲ್ಲ. ಸ್ವಯಂಸೇವೆಯ ಮರ್ಮವೆಲ್ಲ ಈ ವಿಧಿಯಲ್ಲಿದೆ. ಒತ್ತಾಯವಿಲ್ಲದ ಕಡೆ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದೇ ಸಂಘಟಕರ ಸವಾಲು.

ಅದಕ್ಕಾಗಿ ಅವರು ಹಲವು ಉಪಾಯಗಳನ್ನು ಕಂಡುಕೊಂಡರು. ಹೊರೆ ಹೆಚ್ಚಾದವನು ಸಹಾಯ ಬೇಕೆಂದು ಬಹಿರಂಗವಾಗಿ ಕೇಳಬಹುದು. ಸಾಕೆನಿಸಿದವನು ತನ್ನ ಪ್ಯಾಕೇಜನ್ನು 'ಅನಾಥ'ವೆಂದು ಘೋಷಿಸಿ ಗೌರವದಿಂದ ಹಿಂದೆ ಸರಿಯಬಹುದು. ಅನಾಥವಾದುದನ್ನು ಗುಣಮಟ್ಟ ತಂಡ ನೋಡಿಕೊಳ್ಳುತ್ತದೆ. ಹೇಳದೆ ಕೇಳದೆ ಮರೆಯಾದವರನ್ನು ವಿಚಾರಿಸಲು ಪ್ರತ್ಯೇಕ ತಂಡವೊಂದಿದೆ. ಉಸ್ತುವಾರಿ ಹೊತ್ತವನು ಗಂಭೀರ ದೋಷವನ್ನು ತಿದ್ದದೆ ಸುಮ್ಮನಿದ್ದರೆ ಬೇರೆಯವರು ತಿದ್ದಿ ಕಳುಹಿಸಬಹುದು. ಆದರೆ ಮೊದಲು ಅವನಿಗೆ ತಿಳಿಸಿ, ಸಾಮಾನ್ಯವಾಗಿ ಕೆಲವು ದಿನ ಕಾಯಬೇಕು. ಕೆಲಸವೂ ಆಗಬೇಕು, ಇನ್ನೊಬ್ಬರ ಮನಸ್ಸೂ ನೋಯಬಾರದು. ಇದಲ್ಲದೆ ವಾರಾಂತ್ಯಗಳಲ್ಲಿ ಸ್ವಯಂಸೇವಕರು ಒಂದೆಡೆ ಸೇರಿ, ಒಟ್ಟಿಗೆ ಉಂಡು, ಗಂಭೀರ ದೋಷಗಳನ್ನು ಒಂದೊಂದಾಗಿ ತೆಗೆದುಹಾಕುವ ಕೂಟಗಳೂ ನಡೆಯುತ್ತವೆ. ನಮ್ಮ ಕಡೆ ಮುಯ್ಯಾಳಾಗಿ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿಯುತ್ತಿದ್ದರಲ್ಲ, ಅದೇ ಬಗೆ.

ಬೇಸರ ತರಿಸುವ ಕೆಲಸಗಳನ್ನು ಯಂತ್ರಗಳಿಗೆ ಒಪ್ಪಿಸಿದರು. 1998ರ ಸುಮಾರಿಗೆ ಬಂದ 'ಲಿಂಟಿಯನ್' ಪ್ಯಾಕೇಜಿನ ರಚನೆಯಲ್ಲಿನ ತಪ್ಪುಗಳನ್ನು ಹುಡುಕುತ್ತದೆ. 2005ರ 'ಪಿಯುಪಾರ್ಟ್ಸ್' ಪ್ಯಾಕೇಜನ್ನು ಹಾಕಿ, ಮೇಲ್ದರ್ಜೆಗೇರಿಸಿ, ತೆಗೆದು ನೋಡುತ್ತದೆ. 2018ರಿಂದ ಪ್ಯಾಕೇಜಿನೊಡನೆ ಬರುವ ಪರೀಕ್ಷೆಗಳ ಫಲಿತಾಂಶವೂ ಕಾಯುವ ದಿನಗಳ ಲೆಕ್ಕಕ್ಕೆ ಸೇರಿತು. ಆದರೂ ಬಿಡುಗಡೆಯ ದಿನ ಡಿಸ್ಕ್ ಪ್ರತಿಗಳನ್ನು ಸ್ವಯಂಸೇವಕರು ಇಂದಿಗೂ ತಮ್ಮ ಯಂತ್ರಗಳಲ್ಲಿ ಕೈಯಾರೆ ಹಾಕಿ ನೋಡುತ್ತಾರೆ.

ಇದೆಲ್ಲ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. 2002ರ ಜುಲೈಯಲ್ಲಿ 'ವುಡಿ' ಬಂದ ಮೇಲೆ ಮುಂದಿನ ಆವೃತ್ತಿ 'ಸಾರ್ಜ್' ಬರಲು 2005ರ ಜೂನ್ ತನಕ ಕಾಯಬೇಕಾಯಿತು. ಹೊಸ ಇನ್‌ಸ್ಟಾಲರ್ ಬರೆದು ಅದನ್ನು 11 ಬಗೆಯ ಯಂತ್ರಗಳಲ್ಲಿ ಪರೀಕ್ಷಿಸುವುದು ಸಣ್ಣ ಮಾತಾಗಿರಲಿಲ್ಲ. ಮತ್ತೆ ಹೀಗಾಗಬಾರದೆಂದು 2006ರಲ್ಲಿ ಕೆಲವರು ಹಣ ಸಂಗ್ರಹಿಸಿ, ಬಿಡುಗಡೆ ನಿರ್ವಹಿಸುವ ಇಬ್ಬರಿಗೆ ತಲಾ ಒಂದು ತಿಂಗಳು ಪೂರ್ಣಾವಧಿ ದುಡಿಯಲು ಸಂಭಾವನೆ ಕೊಡುವ ಪ್ರಯೋಗಕ್ಕೆ ಇಳಿದರು. ಇದರ ಮುಂಚೂಣಿಯಲ್ಲಿದ್ದವರು ಆಗ ನಾಯಕರಾಗಿದ್ದ ಅದೇ ಆಂಟನಿ ಟೌನ್ಸ್. ಉದ್ದೇಶ ಒಳ್ಳೆಯದೇ. ಆದರೆ ಉಳಿದ ನೂರಾರು ಮಂದಿ ಬಿಟ್ಟಿ ದುಡಿಯುವಾಗ ಇಬ್ಬರಿಗೆ ಮಾತ್ರ ಹಣವೇಕೆ ಎಂಬ ಪ್ರಶ್ನೆ ಎದ್ದಿತು. ಕೆಲವರು ಬೇಸತ್ತು ಕೆಲಸ ಕಡಿಮೆ ಮಾಡಿದರು. ನಾಯಕರನ್ನು ಇಳಿಸುವ ಪ್ರಸ್ತಾವ ಮತಕ್ಕೆ ಬಂದು ಸೋತಿತು. 2006ರ ಡಿಸೆಂಬರ್ ಆರಂಭದಲ್ಲಿ ಬರಬೇಕಿದ್ದ 'ಎಚ್' ಆವೃತ್ತಿ ಬಂದುದು 2007ರ ಏಪ್ರಿಲ್ 8ರಂದು.

ಸೇವೆಗೆ ಹಣ ಪಡೆಯುವುದೇ ತಪ್ಪೆಂದು ನಾವು ಹೇಳುವುದಿಲ್ಲ. 2014ರಿಂದ ಡೆಬಿಯನ್‌ನ ಹಳೆಯ ಆವೃತ್ತಿಗಳ ಭದ್ರತೆಯ ಕೆಲಸಕ್ಕೆ ಕಂಪನಿಗಳ ಪ್ರಾಯೋಜನೆಯಿಂದ ಸಂಭಾವನೆ ಸಿಗುತ್ತಿದೆ. ಅದು ದೊಡ್ಡ ಕಲಹಕ್ಕೆ ಕಾರಣವಾಗಲಿಲ್ಲ. ಮದ್ರಸದ ಕಮಿಟಿಯಲ್ಲೋ ಪರಿಹಾರ ಸಮಿತಿಯಲ್ಲೋ ದುಡಿದವರಿಗೆ ಈ ವ್ಯತ್ಯಾಸ ಅರ್ಥವಾದೀತು. ಯಾರಿಗೂ ಬೇಡವಾದ ಹೊರೆಗೆ ಕೂಲಿ ಕೊಟ್ಟರೆ ಜನ ನಿಟ್ಟುಸಿರು ಬಿಡುತ್ತಾರೆ. ಹೆಗಲಿಗೆ ಹೆಗಲು ಕೊಟ್ಟು ದುಡಿಯುತ್ತಿದ್ದವರಲ್ಲಿ ಇಬ್ಬರನ್ನು ಆರಿಸಿ ಕೂಲಿ ಕೊಟ್ಟರೆ ಉಳಿದವರು ತಮ್ಮ ದುಡಿಮೆಗೆ ಬೆಲೆಯಿಲ್ಲವೆಂದು ಭಾವಿಸುತ್ತಾರೆ.

ತಿದ್ದುಪಡಿಯೇ ದೋಷವಾದಾಗ

2008ರ ಮೇ 13ರಂದು ಡೆಬಿಯನ್ ತನ್ನ ಇತಿಹಾಸದ ಅತಿ ಮುಜುಗರದ ಪ್ರಕಟಣೆಯನ್ನು ಹೊರಡಿಸಬೇಕಾಯಿತು. ಜಾಲದ ವ್ಯವಹಾರಗಳನ್ನು ಗುಟ್ಟಾಗಿಡುವ 'ಓಪನ್ ಎಸ್ಎಸ್ಎಲ್' ಎಂಬ ತಂತ್ರಾಂಶ ರಹಸ್ಯ ಕೀಲಿಗಳನ್ನು ತಯಾರಿಸುತ್ತದೆ. ಕೀಲಿ ಯಾರ ಊಹೆಗೂ ಸಿಗಬಾರದು. ಅದಕ್ಕಾಗಿ ಯಾದೃಚ್ಛಿಕ ಅಂಕಿಗಳು ಬೇಕು. 2006ರಲ್ಲಿ, ದೋಷ ಹುಡುಕುವ ಉಪಕರಣವೊಂದು ಕೊಟ್ಟ ಎಚ್ಚರಿಕೆಯನ್ನು ನಿವಾರಿಸಲೆಂದು ಡೆಬಿಯನ್‌ನಲ್ಲಿ ಅದರ ಒಂದೆರಡು ಸಾಲುಗಳನ್ನು ತೆಗೆದುಹಾಕಲಾಯಿತು. ತೆಗೆಯುವ ಮುನ್ನ ಮೂಲ ಲೇಖಕರ ಬಳಗದಲ್ಲಿ ವಿಚಾರಿಸಿದ್ದೂ ಉಂಟು. ಆದರೆ ಆ ಸಾಲುಗಳೇ ಯಾದೃಚ್ಛಿಕತೆಯ ಜೀವಾಳವಾಗಿದ್ದವು. ಅವು ಹೋದ ಮೇಲೆ ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗೆ 32,768 ಸಾಧ್ಯತೆಗಳಷ್ಟೇ ಉಳಿದವು. ಕಂಪ್ಯೂಟರಿಗೆ ಅಷ್ಟನ್ನು ತಿರುವಿ ನೋಡುವುದು ಲೆಕ್ಕದ ಕೆಲಸವೇ ಅಲ್ಲ.

ಸುಮಾರು 20 ತಿಂಗಳು ಇದು ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಕಂಡುಹಿಡಿದವರು ಡೆಬಿಯನ್‌ನವರೇ ಆದ ಲೂಸಿಯಾನೊ ಬೆಲ್ಲೊ. ಜಗತ್ತಿನಾದ್ಯಂತ ಜನರು ತಮ್ಮ ಕೀಲಿಗಳನ್ನು ಬದಲಿಸಬೇಕಾಯಿತು. ಪಟ್ಟಿ ತೆರೆದಿದ್ದರೂ, ಸಾಲುಗಳು ಎಲ್ಲರಿಗೂ ಕಾಣುವಂತಿದ್ದರೂ ಓದುವವರಿಲ್ಲದಿದ್ದರೆ ಏನು ಪ್ರಯೋಜನವೆಂದು ಟೀಕಾಕಾರರು ಕೇಳಿದರು. ಟೀಕೆಯಲ್ಲಿ ಹುರುಳಿತ್ತು. ತೆರೆದಿಡುವುದು ಅರ್ಧ ಕೆಲಸ, ಉಳಿದರ್ಧ ನೋಡುವವರದು. ಪರೀಕ್ಷೆಯ ಉಪಕರಣ ಎಚ್ಚರಿಸಿದಾಗ ಅದರ ಬಾಯಿ ಮುಚ್ಚಿಸುವುದಕ್ಕೂ ಕಾರಣವನ್ನು ಅರಿಯುವುದಕ್ಕೂ ವ್ಯತ್ಯಾಸವಿದೆಯೆಂಬುದು ಆ ವರ್ಷದ ದುಬಾರಿ ಪಾಠ.

ಸನದ್ ಮತ್ತು ಮತ್‌ನ್

ಹದೀಸ್ ವಿದ್ವಾಂಸರು ಒಂದು ವರದಿಯನ್ನು ಎರಡು ಕಡೆಯಿಂದ ಪರಿಶೀಲಿಸುತ್ತಿದ್ದರು. ಯಾರು ಯಾರಿಂದ ಕೇಳಿದರೆಂಬ ವರದಿಗಾರರ ಸರಪಳಿ ಸನದ್. ವರದಿಯ ಒಳಗಿನ ಮಾತು ಮತ್‌ನ್. ಸರಪಳಿಯ ಪ್ರತಿಯೊಬ್ಬರ ಪ್ರಾಮಾಣಿಕತೆ, ನೆನಪಿನ ಶಕ್ತಿ ಎಲ್ಲವನ್ನೂ ಜಾಲಾಡಿ ಗ್ರಂಥಗಳನ್ನೇ ಬರೆದರು. ಡೆಬಿಯನ್‌ನಲ್ಲೂ ಇದಕ್ಕೆ ಹೋಲುವ ಪದ್ಧತಿಯಿದೆ. ಸದಸ್ಯರು ಮುಖಾಮುಖಿ ಭೇಟಿಯಾಗಿ, ಗುರುತಿನ ಪತ್ರ ನೋಡಿ, ಒಬ್ಬರ ಡಿಜಿಟಲ್ ಕೀಲಿಗೆ ಇನ್ನೊಬ್ಬರು ಸಹಿ ಮಾಡುತ್ತಾರೆ. ಆ ಕೀಲಿಯ ಸಹಿಯಿಲ್ಲದ ಪ್ಯಾಕೇಜ್ ಒಳಗೆ ಬರುವಂತಿಲ್ಲ. ಆದರೆ ಆ ಸರಪಳಿ ಡೆಬಿಯನ್‌ನ ಹೊಸ್ತಿಲಿನಿಂದಾಚೆ ಹೋಗುವುದಿಲ್ಲ. ತಂತ್ರಾಂಶವನ್ನು ಮೂಲದಲ್ಲಿ ಬರೆಯುವವರು ಬೇರೆಯೇ ಇರುತ್ತಾರೆ.

2024ರಲ್ಲಿ ಏಟು ಬಿದ್ದುದು ಅಲ್ಲಿಂದಲೇ. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶವನ್ನು ಫಿನ್‌ಲ್ಯಾಂಡಿನ ಒಬ್ಬರೇ ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ, ಯಾವ ಪ್ರತಿಫಲವೂ ಇಲ್ಲದೆ ನೋಡಿಕೊಳ್ಳುತ್ತಿದ್ದರು. 2021ರ ಕೊನೆಯಿಂದ 'ಜಿಯಾ ಟಾನ್' ಎಂಬ ಹೆಸರಿನವರು ಸಹಾಯಕ್ಕೆ ಬಂದರು. ಒಳ್ಳೆಯ ತಿದ್ದುಪಡಿಗಳನ್ನು ಕಳುಹಿಸಿದರು. ಕೆಲಸ ನಿಧಾನವಾಗುತ್ತಿದೆ, ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡಿ ಎಂದು ಇನ್ನೂ ಕೆಲವು ಅಪರಿಚಿತ ಹೆಸರುಗಳು ಆ ದಣಿದ ಮನುಷ್ಯನನ್ನು ಒತ್ತಾಯಿಸಿದವು. ಕ್ರಮೇಣ ಹೊಸಬರಿಗೆ ಬಿಡುಗಡೆಯ ಅಧಿಕಾರವೇ ಸಿಕ್ಕಿತು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ ಎರಡು ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಅಡಗಿತ್ತು. ದೂರದಿಂದ ಕಂಪ್ಯೂಟರಿಗೆ ಪ್ರವೇಶಿಸುವ ದಾರಿಯನ್ನೇ ಅದು ಕಳ್ಳರಿಗೆ ತೆರೆದುಕೊಡುತ್ತಿತ್ತು. ಅದನ್ನು ಬಚ್ಚಿಟ್ಟದ್ದು ಎಲ್ಲಿ? ಪರೀಕ್ಷೆಗೆಂದು ಇಟ್ಟ ಮಾದರಿ ಕಡತಗಳೊಳಗೆ!

ಈ ಆವೃತ್ತಿಗಳು ಡೆಬಿಯನ್‌ನ ಅಸ್ಥಿರ ಅಂಗಳಕ್ಕೆ ಬಂದು, ಪರೀಕ್ಷೆಯ ಅಂಗಳವನ್ನೂ ಪ್ರವೇಶಿಸಿದವು. ಯಂತ್ರಗಳ ಯಾವ ಪರೀಕ್ಷೆಯೂ ತಡೆಯಲಿಲ್ಲ. ಆಗ ಮೈಕ್ರೋಸಾಫ್ಟ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬವರು ಬೇರಾವುದೋ ತಂತ್ರಾಂಶದ ವೇಗವನ್ನು ಸಿಡ್‌ನಲ್ಲಿ ಅಳೆಯುತ್ತಿದ್ದರು. ಯಂತ್ರಕ್ಕೆ ಪ್ರವೇಶಿಸಲು ಮೊದಲು 0.3 ಸೆಕೆಂಡ್ ಸಾಕಿತ್ತು, ಈಗ 0.8 ಸೆಕೆಂಡ್ ಬೇಕಾಗುತ್ತಿತ್ತು. ಅರ್ಧ ಸೆಕೆಂಡ್ ಎಂದು ಅವರು ಕಡೆಗಣಿಸಲಿಲ್ಲ. ಎಳೆ ಹಿಡಿದು ಹೋದರು, ಕಳ್ಳಬಾಗಿಲು ಸಿಕ್ಕಿತು. 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಲಕ್ಷಾಂತರ ಸರ್ವರ್‌ಗಳು ಪಾರಾದವು.

ಸನದ್ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು. ಸಿಕ್ಕಿಬಿದ್ದುದು ಮತ್‌ನ್‌ನಲ್ಲಿ. ನಡುವೆ ಒಂದು ಅಂಗಳ ಮತ್ತು ಕೆಲವು ವಾರಗಳು ಇಲ್ಲದಿದ್ದರೆ ಆ ಅರ್ಧ ಸೆಕೆಂಡನ್ನು ಗಮನಿಸಲು ಯಾರಿಗೂ ಅವಕಾಶವಿರುತ್ತಿರಲಿಲ್ಲ. ಆದರೆ ಈ ಜಯದ ಹಿಂದೆ ಅಪರಾಧಪ್ರಜ್ಞೆಯೂ ಇರಬೇಕು. ಇಡೀ ಜಗತ್ತು ಬಳಸುವ ತಂತ್ರಾಂಶವನ್ನು ಒಬ್ಬ ಮನುಷ್ಯ ಒಂಟಿಯಾಗಿ ಹೊತ್ತು ದಣಿದಾಗ ಸಹಾಯಕ್ಕೆ ಬಂದವನು ಕಳ್ಳನೊಬ್ಬನೇ ಎಂಬುದು ಬಳಸುವ ನಮಗೆಲ್ಲರಿಗೂ ನಾಚಿಕೆಯ ವಿಷಯ.

ಕನ್ನಡದ ಒತ್ತಕ್ಷರ ನೋಡುವವರು

ಈ ಕಥೆ ನಮ್ಮಿಂದ ದೂರದ್ದೇನೂ ಅಲ್ಲ. 2011ರ ಫೆಬ್ರವರಿಯಲ್ಲಿ ಬಂದ ಡೆಬಿಯನ್ 6ನೇ ಆವೃತ್ತಿಯಲ್ಲಿ ಇನ್‌ಸ್ಟಾಲರಿಗೆ ಹೊಸದಾಗಿ ಸೇರಿದ ಭಾಷೆಗಳಲ್ಲಿ ತೆಲುಗು, ಸಿಂಹಳಗಳ ಜೊತೆ ಕನ್ನಡವೂ ಇತ್ತು. ಅದು ಚಿತ್ರರೂಪದ ಇನ್‌ಸ್ಟಾಲರಿಗೆ ಮಾತ್ರ ಸೇರಿತು. ಒತ್ತಕ್ಷರ, ಗುಣಿತಾಕ್ಷರಗಳನ್ನು ಬರಿಯ ಅಕ್ಷರಪರದೆಯಲ್ಲಿ ಸರಿಯಾಗಿ ಕೂರಿಸಲಾಗದು. ಸ್ವಯಂಸೇವಕರು ಒಂದೊಂದೇ ಸಾಲನ್ನು ಅನುವಾದಿಸಿದ ಫಲ ಅದು. 2023ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್‌ನ ವಾರ್ಷಿಕ ಜಾಗತಿಕ ಸಮ್ಮೇಳನ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು.

ಕನ್ನಡದ ಪರದೆಯಲ್ಲಿ ಒಂದು ಒತ್ತು ಜಾರಿ ಪಕ್ಕಕ್ಕೆ ಬಿದ್ದರೆ ಬರ್ಲಿನ್‌ನ ಅಥವಾ ಕೇಂಬ್ರಿಡ್ಜ್‌ನ ಪರೀಕ್ಷಕರಿಗೆ ಅದು ತಿಳಿಯುವುದಿಲ್ಲ. ಲಿಂಟಿಯನ್‌ಗೂ ತಿಳಿಯುವುದಿಲ್ಲ, ಬ್ರಿಟ್ನಿಗೂ ತಿಳಿಯುವುದಿಲ್ಲ. ಕನ್ನಡ ಓದಬಲ್ಲವರೇ ನೋಡಬೇಕು, ಅವರೇ ಬರೆದು ತಿಳಿಸಬೇಕು. ಪ್ರತಿ ಆವೃತ್ತಿಯಲ್ಲೂ ಹೊಸ ಸಾಲುಗಳು ಸೇರುವುದರಿಂದ ಇದು ಒಮ್ಮೆ ಮುಗಿಯುವ ಕೆಲಸವೂ ಅಲ್ಲ. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಹಳೆಯ ಕಂಪ್ಯೂಟರ್ ಒಂದಿದ್ದು, ಏನು ಮಾಡಿದಾಗ ಏನಾಯಿತೆಂದು ನಾಲ್ಕು ಸಾಲು ಸ್ಪಷ್ಟವಾಗಿ ಬರೆಯಬಲ್ಲ ಶಾಲಾ ಶಿಕ್ಷಕಿಯೋ ಕಾಲೇಜು ವಿದ್ಯಾರ್ಥಿಯೋ ಸಾಕು. ನಮ್ಮ ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಇಂಥದ್ದೊಂದು ಅಭ್ಯಾಸವನ್ನು ಏಕೆ ಆರಂಭಿಸಬಾರದು?

ಮೂರು ದಶಕಗಳಲ್ಲಿ ಡೆಬಿಯನ್ ದೋಷವಿಲ್ಲದ ವ್ಯವಸ್ಥೆಯನ್ನು ಕಟ್ಟಲಿಲ್ಲ. ಅಂಥ ವ್ಯವಸ್ಥೆಯನ್ನು ಯಾರೂ ಕಟ್ಟಿಲ್ಲ. ಮಳೆ ಬೀಳುತ್ತಲೇ ಇರುತ್ತದೆ, ಧಾನ್ಯ ನೆನೆಯುತ್ತಲೇ ಇರುತ್ತದೆ. ಅವರು ಕಟ್ಟಿದ್ದು ನೆನೆದುದನ್ನು ಮೇಲಿಡುವ ಕಟ್ಟಳೆಯನ್ನು, ದಾರಿಹೋಕರೂ ರಾಶಿಯೊಳಗೆ ಕೈ ಹಾಕಿ ನೋಡಬಹುದಾದ ಪೇಟೆಯನ್ನು. ಆ ಪೇಟೆಯಿಂದ ನಾವೆಲ್ಲ ಬಿಟ್ಟಿಯಾಗಿ ಧಾನ್ಯ ಒಯ್ಯುತ್ತಿದ್ದೇವೆ. ಒಯ್ಯುವ ಮುನ್ನ ಒಮ್ಮೆಯಾದರೂ ಕೈ ಹಾಕಿ ನೋಡಿ, ತೇವ ತಾಗಿದರೆ ಹೇಳಿ ಹೋಗುವುದು ನಮ್ಮ ಮೇಲಿರುವ ಋಣ.